ಚಿಯರ್‌ಲೀಡಿಂಗ್ ಸ್ಕರ್ಟಿನ ಅಳತೆ ಯಾರು ತೆಗೀಬೇಕು?

ಈ ಸಲದ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು, ಆದ್ರೆ ಕೇಳಿದವರ ಮನೆಯಲ್ಲಿ ಯಾರೂ ನಗ್ತಾ ಇಲ್ಲ. ಹೈದರಾಬಾದಿನಿಂದ ಕಂಪನಿ ಟ್ರಾನ್ಸ್‌ಫರ್ ಮೇಲೆ ಡಲ್ಲಾಸ್ ಕಡೆ ಹೋದ ನಮ್ಮ ವೀಕ್ಷಕರೊಬ್ಬರು ಬರೆದಿದ್ರು. ಮಗಳಿಗೆ 12 ವರ್ಷ. ಶಾಲೆಯ ಚಿಯರ್ ತಂಡಕ್ಕೆ ಆಯ್ಕೆ ಆಗಿದ್ದಾಳೆ. ಹೊಸ ದೇಶದಲ್ಲಿ ಆರು ತಿಂಗಳು ಒಬ್ಬಳೇ ಊಟಕ್ಕೆ ಕೂರ್ತಿದ್ದ ಹುಡುಗಿಗೆ ಮೊದಲ ಸಲ ಗೆಳತಿಯರು ಸಿಕ್ಕಿದ್ದಾರೆ. ಆಮೇಲೆ ಯೂನಿಫಾರ್ಮಿನ ಫೋಟೋ ಬಂತು. ಅಪ್ಪ ಬೇಡ ಅಂದ್ರು, ಅಮ್ಮ ಹೋಗ್ಲಿ ಬಿಡಿ ಅಂದ್ರು, ಮಗಳು ಬಾಗಿಲು ಹಾಕಿಕೊಂಡಳು. ಅವರ ಪ್ರಶ್ನೆ ಇಷ್ಟೇ: "ಮಕ್ಕಳಿಗೆ ಇಷ್ಟು ಗಿಡ್ಡ ಬಟ್ಟೆ ಹಾಕಿಸೋದಕ್ಕೆ ಅಲ್ಲಿ ಯಾವ ನಿಯಮಾನೂ ಇಲ್ವಾ? ಇರಬೇಕಲ್ವಾ?"

ನಿಯಮಗಳು ಇವೆ. ಆದರೆ ಅವು ಯಾವುದಕ್ಕೆ ಇವೆ, ಯಾವುದಕ್ಕೆ ಇಲ್ಲ ಅನ್ನೋದು ತಿಳಿಯೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮಲ್ಲಿ ಬಹಳ ಜನಕ್ಕೆ ಚಿಯರ್‌ಲೀಡರ್ ಅಂದ್ರೆ ಕಣ್ಣಿಗೆ ಬರೋದು ಐಪಿಎಲ್. 2008ರ ಏಪ್ರಿಲ್ 18, ಚಿನ್ನಸ್ವಾಮಿ ಸ್ಟೇಡಿಯಂ, ಮೊಟ್ಟಮೊದಲ ಪಂದ್ಯ. ಮೆಕಲಮ್ 158 ಹೊಡೆದು ನಮ್ಮ ಹೊಟ್ಟೆ ಉರಿಸಿದ ಆ ರಾತ್ರಿ ಬೌಂಡರಿ ಪಕ್ಕದಲ್ಲಿ ಕುಣಿದದ್ದು ಅಮೆರಿಕದ ಒಂದು ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳು. ಮುಂಬೈ ಕಡೆ ರಾಜಕಾರಣಿಗಳು ಅದನ್ನ ಅಶ್ಲೀಲ ಅಂದ್ರು, ದೊಡ್ಡ ಗಲಾಟೆ ಆಯ್ತು. 2011ರಲ್ಲಿ ನಮ್ಮ ಪುಣೆ ತಂಡ ಶಾಸ್ತ್ರೀಯ ನೃತ್ಯದ ಉಡುಪು ಹಾಕಿಸಿ ಹುಡುಗಿಯರನ್ನ ನಿಲ್ಲಿಸಿ "ಚಿಯರ್ ಕ್ವೀನ್ಸ್" ಅಂತ ಹೆಸರಿಟ್ಟಿತು. ಇಪ್ಪತ್ತು ಓವರಿನ ಆಟಕ್ಕೆ ಆ ವೇಷ ಹೇಗೆ ಹೊಂದುತ್ತೆ ಅನ್ನೋದು ನನಗಂತೂ ಅರ್ಥ ಆಗಿರಲಿಲ್ಲ.

ಅವರೆಲ್ಲ ವಯಸ್ಕರು. ಸಂಬಳಕ್ಕೆ ಕೆಲಸ ಮಾಡೋ ನೃತ್ಯಗಾರ್ತಿಯರು. ಡಲ್ಲಾಸಿನ ಆ ಹುಡುಗಿ ಮಾಡೋಕೆ ಹೊರಟಿರೋದು ಬೇರೆ. ಹೆಸರು ಒಂದೇ ಇರೋದರಿಂದ ನಮ್ಮ ತಲೆಯಲ್ಲಿ ಎರಡೂ ಕಲಸಿಹೋಗಿವೆ.

ಚಿಯರ್‌ಲೀಡಿಂಗ್ ಹುಟ್ಟಿದ್ದು 1898ರಲ್ಲಿ, ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ. ಜಾನಿ ಕ್ಯಾಂಬೆಲ್ ಅನ್ನೋ ವಿದ್ಯಾರ್ಥಿ ಜನರ ಮುಂದೆ ನಿಂತು ಘೋಷಣೆ ಕೂಗಿಸಿದ. ಆಗ ಇದು ಗಂಡಸರದ್ದೇ ಕೆಲಸ. 1920ರ ದಶಕದಲ್ಲಿ ಹುಡುಗಿಯರು ಬಂದ್ರು, ಎರಡನೇ ಮಹಾಯುದ್ಧಕ್ಕೆ ಹುಡುಗರು ಹೋದಾಗ ಜಾಗ ಪೂರ್ತಿ ಅವರದ್ದಾಯ್ತು. ವಿಡಿಯೋದಲ್ಲಿ ಹಳೇ ಫೋಟೋ ತೋರಿಸಿದ್ದೆ, ಓದ್ತಾ ಇರೋರಿಗೆ ಮಾತಲ್ಲಿ ಹೇಳ್ತೀನಿ: ಮೊಣಕಾಲು ದಾಟಿದ ದಪ್ಪ ಸ್ಕರ್ಟು, ಮೇಲೆ ಉಣ್ಣೆಯ ಸ್ವೆಟರು, ಎದೆ ಮೇಲೆ ಶಾಲೆಯ ದೊಡ್ಡ ಅಕ್ಷರ. ಅಪ್ಪಟ ಚಳಿಗಾಲದ ಉಡುಪು.

ಅಲ್ಲಿಂದ ಎರಡು ದಾರಿ ಆದವು. ಒಂದು, 1972ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ತನ್ನ ಚಿಯರ್‌ಲೀಡರ್‌ಗಳಿಗೆ ಗಂಟು ಹಾಕಿದ ಮೇಲಂಗಿ, ಪುಟ್ಟ ಚಡ್ಡಿ ಹಾಕಿಸಿ ಟಿವಿ ಮುಂದೆ ತಂದ ದಾರಿ. ಐಪಿಎಲ್‌ಗೆ ಬಂದದ್ದು ಈ ಕವಲು. ಇನ್ನೊಂದು, ಶಾಲೆ ಕಾಲೇಜುಗಳಲ್ಲಿ ನಿಧಾನಕ್ಕೆ ಜಿಮ್ನಾಸ್ಟಿಕ್ಸ್ ಆಗಿಬಿಟ್ಟ ಕವಲು. ಇಲ್ಲಿ ಮೂರು ನಾಲ್ಕು ಜನ ಸೇರಿ ಒಬ್ಬಳನ್ನ ತಲೆಗಿಂತ ಮೇಲಕ್ಕೆ ಎತ್ತಿ ನಿಲ್ಲಿಸ್ತಾರೆ, ಗಾಳಿಗೆ ಎಸೀತಾರೆ, ಹಿಡೀತಾರೆ. ಮೇಲೆ ಹೋಗೋಳನ್ನ ಫ್ಲೈಯರ್ ಅಂತಾರೆ, ಕೆಳಗೆ ಹೊರೋರನ್ನ ಬೇಸ್ ಅಂತಾರೆ. ಕೈ ತಪ್ಪಿದ್ರೆ ತಲೆಗೆ, ಕುತ್ತಿಗೆಗೆ ಪೆಟ್ಟು. ಅಂತರರಾಷ್ಟ್ರೀಯ ಚಿಯರ್ ಯೂನಿಯನ್‌ಗೆ 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಸಿಕ್ಕಿದ್ದು ಈ ಕವಲಿನ ಬಲದ ಮೇಲೆ.

ಹಾಗಾಗಿ ಯೂನಿಫಾರ್ಮ್ ಗಿಡ್ಡ ಯಾಕೆ ಅಂದ್ರೆ ಮೊದಲ ಉತ್ತರ ಸುರಕ್ಷತೆ. ದೊಗಲೆ ಬಟ್ಟೆಯಲ್ಲಿ ಹಿಡಿಯೋರ ಬೆರಳು ಸಿಕ್ಕಿಹಾಕಿಕೊಳ್ಳುತ್ತೆ, ಲಾಗ ಹೊಡೆಯುವಾಗ ಉದ್ದ ಸ್ಕರ್ಟು ಕಾಲಿಗೆ ಸುತ್ತುತ್ತೆ. ಸ್ಕರ್ಟಿನ ಒಳಗೆ ಕಾಣೋದು ಒಳಉಡುಪು ಅಲ್ಲ, ಯೂನಿಫಾರ್ಮಿನದ್ದೇ ಬಣ್ಣದ ದಪ್ಪ ಚಡ್ಡಿ, ಟೆನಿಸ್ ಆಟಗಾರ್ತಿಯರು ಹಾಕೋ ಥರದ್ದು. ಇದು ನಿಜ. ಆದ್ರೆ ಅರ್ಧ ನಿಜ. ಅದೇ ತಂಡದಲ್ಲಿ ಹುಡುಗರೂ ಇದ್ರೆ ಅವರನ್ನ ಗಮನಿಸಿ. ಅದೇ ಲಾಗ, ಅದೇ ಪಿರಮಿಡ್ಡು, ಮೈಮೇಲೆ ಉದ್ದ ಪ್ಯಾಂಟು, ಪೂರ್ತಿ ಶರ್ಟು. ಅವರು ಪ್ಯಾಂಟು ಎಡವಿ ಬೀಳೋದನ್ನ ನಾನು ನೋಡಿಲ್ಲ. ಬಟ್ಟೆ ಮೈಗೆ ಅಂಟಿಕೊಂಡಿರಬೇಕು ಅನ್ನೋದು ಸುರಕ್ಷತೆಯ ಮಾತು, ಗಿಡ್ಡ ಇರಬೇಕು ಅನ್ನೋದು ರೂಢಿಯ ಮಾತು. ಕೋಚ್‌ಗಳು ಎರಡನ್ನೂ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ, ನಾವೂ ತಲೆ ಆಡಿಸ್ತೀವಿ.

ಈಗ ನಿಯಮದ ಕಥೆ. ಅಮೆರಿಕದಲ್ಲಿ ಹೈಸ್ಕೂಲ್ ಆಟಗಳಿಗೆ ರಾಷ್ಟ್ರೀಯ ಒಕ್ಕೂಟವೊಂದು ನಿಯಮ ಪುಸ್ತಕ ತರುತ್ತೆ. ಅದರ ಚಿಯರ್ ವಿಭಾಗದಲ್ಲಿ ನೆಟ್ಟಗೆ ನಿಂತಾಗ ಹೊಟ್ಟೆ ಮುಚ್ಚಿರಬೇಕು ಅನ್ನೋ ನಿಯಮ ಇದೆ. ಶಾಲೆಯ ಹೊರಗೆ ಖಾಸಗಿ ಜಿಮ್‌ಗಳ ಸ್ಪರ್ಧಾ ತಂಡಗಳದ್ದು ಬೇರೆ ಲೋಕ, ಅದನ್ನ ಆಲ್‌ಸ್ಟಾರ್ ಅಂತಾರೆ. ಅಲ್ಲೂ ಸ್ಕರ್ಟು ಎಲ್ಲಿವರೆಗೆ ಮುಚ್ಚಬೇಕು, ಮೇಕಪ್ ಎಷ್ಟಿರಬೇಕು ಅಂತ ಅವರದ್ದೇ ಸಂಸ್ಥೆಯ ನೀತಿ ಇದೆ. ಆದ್ರೆ ಹೊಟ್ಟೆ ಕಾಣೋ ಮೇಲಂಗಿ ಅಲ್ಲಿ ಸಾಮಾನ್ಯ. ಅಂದ್ರೆ ಒಂದೇ ಹುಡುಗಿ ಶುಕ್ರವಾರ ಶಾಲೆಗೆ ಒಂದು ನಿಯಮದಲ್ಲಿ, ಶನಿವಾರ ಜಿಮ್‌ಗೆ ಇನ್ನೊಂದು ನಿಯಮದಲ್ಲಿ ಕುಣೀಬಹುದು.

ಸರ್ಕಾರವೇ ಕೈ ಹಾಕಿದ್ದೂ ಉಂಟು. 2005ರಲ್ಲಿ ನಮ್ಮ ವೀಕ್ಷಕರು ಈಗ ಇರೋ ಟೆಕ್ಸಸ್‌ನಲ್ಲೇ ಅಲ್ ಎಡ್ವರ್ಡ್ಸ್ ಅನ್ನೋ ಶಾಸಕರು ಶಾಲಾ ಚಿಯರ್‌ಲೀಡರ್‌ಗಳ ಕಾಮಪ್ರಚೋದಕ ಪ್ರದರ್ಶನ ತಡೀಬೇಕು ಅಂತ ಮಸೂದೆ ತಂದ್ರು. ಗಮನಿಸಿ, ಅದು ಬಟ್ಟೆಯ ಮೇಲಲ್ಲ, ಕುಣಿತದ ಮೇಲೆ. ಕೆಳಮನೆ ಒಪ್ಪಿತು, ಸೆನೆಟ್‌ನಲ್ಲಿ ಸತ್ತುಹೋಯ್ತು. ಸೊಂಟದ ಯಾವ ತಿರುವು ಪ್ರಚೋದಕ, ಯಾವುದು ಅಲ್ಲ ಅಂತ ಯಾರು ಗೆರೆ ಎಳೀತಾರೆ ಅನ್ನೋ ಪ್ರಶ್ನೆಗೆ ಅಲ್ಲಿ ಉತ್ತರವೇ ಇರಲಿಲ್ಲ. ಇದನ್ನ ಕೇಳಿ ನಗೋ ಮೊದಲು ನಮ್ಮ ಪುಣೆ ಶಾಲೆಗಳ ಗ್ಯಾದರಿಂಗ್ ನೆನಪಿಸಿಕೊಳ್ಳಿ. ಏಳೆಂಟು ವರ್ಷದ ಮಕ್ಕಳು ಐಟಂ ಸಾಂಗಿಗೆ ಸೊಂಟ ಕುಣಿಸ್ತಾವೆ, ನಾವು ಮೊಬೈಲು ಎತ್ತಿ ಹಿಡಿದು ರೆಕಾರ್ಡ್ ಮಾಡ್ತೀವಿ, ಊರಿಗೂ ಕಳಿಸ್ತೀವಿ. ಬಟ್ಟೆ ಪೂರ್ತಿ ಇದೆಯಲ್ಲ, ಸಾಕು ನಮಗೆ.

ನನಗೆ ಅತಿ ಮುಖ್ಯ ಅನ್ನಿಸಿದ ಪ್ರಕರಣ ಟೆಕ್ಸಸ್‌ದಲ್ಲ, ಕನೆಕ್ಟಿಕಟ್‌ದು. 2010ರಲ್ಲಿ ಬ್ರಿಡ್ಜ್‌ಪೋರ್ಟ್ ಊರಿನ ಒಂದು ಹೈಸ್ಕೂಲಿನ ಚಿಯರ್ ತಂಡದ ಹುಡುಗಿಯರೇ ಶಿಕ್ಷಣ ಮಂಡಳಿ ಸಭೆಗೆ ಹೋದರು. ಹೊಟ್ಟೆ ಕಾಣೋ ಯೂನಿಫಾರ್ಮನ್ನೇ ಹಾಕಿಕೊಂಡು ಸಭೆಯಲ್ಲಿ ನಿಂತು, ಇದು ನಮಗೆ ಮುಜುಗರ, ಬದಲಾಯಿಸಿಕೊಡಿ ಅಂತ ಕೇಳಿದ್ರು. ಯೋಚನೆ ಮಾಡಿ. ಹುಡುಗಿಯರು ಗಿಡ್ಡ ಬಟ್ಟೆ ಬೇಕು ಅಂತಾರೆ, ದೊಡ್ಡವರು ಬೇಡ ಅಂತಾರೆ ಅನ್ನೋದು ನಮ್ಮ ತಲೆಯಲ್ಲಿರೋ ಚಿತ್ರ. ಇಲ್ಲಿ ಅದು ತಲೆಕೆಳಗು. ಬಟ್ಟೆ ಆರಿಸಿದ್ದು ದೊಡ್ಡವರು, ಹಾಕಿಕೊಂಡು ನಿಲ್ಲಬೇಕಾದವರು ಮಕ್ಕಳು. ಕೇಳೋಕೆ ಒಂದು ಸಾರ್ವಜನಿಕ ಸಭೆವರೆಗೂ ಹೋಗಬೇಕಾಯ್ತು.

ಹಾಗಾದ್ರೆ ದೊಡ್ಡವರು ಅಂದ್ರೆ ಯಾರು? ಇಲ್ಲಿ ದುಡ್ಡಿನ ವಿಷಯ ಬರುತ್ತೆ. ಚಿಯರ್ ಯೂನಿಫಾರ್ಮ್ ಮಾರುಕಟ್ಟೆಯಲ್ಲಿ ವಾರ್ಸಿಟಿ ಅನ್ನೋ ಕಂಪನಿಯದ್ದೇ ದೊಡ್ಡ ಕೈ. ಬಟ್ಟೆ ಅವರದ್ದು, ತರಬೇತಿ ಶಿಬಿರ ಅವರದ್ದು, ದೊಡ್ಡ ಸ್ಪರ್ಧೆಗಳೂ ಅವರದ್ದೇ. 2017ರಲ್ಲಿ ಯೂನಿಫಾರ್ಮಿನ ಪಟ್ಟೆ, ಬಾಣದ ಗುರುತುಗಳ ವಿನ್ಯಾಸಕ್ಕೆ ಕಾಪಿರೈಟ್ ಸಿಗಬಹುದೋ ಅಂತ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯ್ತು, ಕಂಪನಿ ಗೆದ್ದಿತು. ಆಮೇಲೆ ಏಕಸ್ವಾಮ್ಯದ ಆರೋಪದ ಎರಡು ಬೇರೆ ಕೇಸುಗಳಲ್ಲಿ ಹತ್ತು ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ರಾಜಿ ಮಾಡಿಕೊಂಡಿತು. ಮಗಳ ಸ್ಕರ್ಟು ಇಷ್ಟೇ ಉದ್ದ ಯಾಕೆ ಅಂತ ಅಪ್ಪ ಸಂಸ್ಕೃತಿಯ ಜೊತೆ ಗುದ್ದಾಡ್ತಾರೆ. ಎಷ್ಟೋ ಸಲ ಅದರ ಹಿಂದೆ ಇರೋದು ಒಂದು ಕ್ಯಾಟಲಾಗು.

ಇನ್ನು "ಮರ್ಯಾದೆ" ಅನ್ನೋ ಪದವನ್ನೇ ನಿಯಮದಲ್ಲಿ ಬರೆದ್ರೆ ಏನಾಗುತ್ತೆ? ಅದರ ಅನುಭವವೂ ಅಮೆರಿಕಕ್ಕೆ ಇದೆ. ನಾರ್ತ್ ಕೆರೊಲಿನಾದ ಒಂದು ಚಾರ್ಟರ್ ಶಾಲೆ ಹುಡುಗಿಯರು ಸ್ಕರ್ಟನ್ನೇ ಹಾಕಬೇಕು, ಪ್ಯಾಂಟು ಕೂಡದು ಅಂತ ನಿಯಮ ಮಾಡಿತ್ತು. ಕಾರಣ ಕೊಟ್ಟಿದ್ದು ಹುಡುಗಿಯರಿಗೆ ಗೌರವ, ಹುಡುಗರಿಗೆ ಸಭ್ಯತೆ ಕಲಿಸೋದು ಅಂತ. ಹುಡುಗಿಯರಿಗೆ ಅಂಗಳದಲ್ಲಿ ಓಡೋಕೆ, ನೆಲದ ಮೇಲೆ ಕೂರೋಕೆ ತೊಂದರೆ. 2022ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಅದು ಲಿಂಗ ತಾರತಮ್ಯ ಅಂತ ಹೇಳಿತು, ಸುಪ್ರೀಂ ಕೋರ್ಟು 2023ರಲ್ಲಿ ಮಧ್ಯೆ ಬರಲಿಲ್ಲ. ಮರ್ಯಾದೆಯ ಹೆಸರಲ್ಲಿ ಒಂದು ಕಡೆ ಸ್ಕರ್ಟು ಕಡ್ಡಾಯ, ಇನ್ನೊಂದು ಕಡೆ ಸ್ಕರ್ಟು ನಿಷಿದ್ಧ. ಪದ ಒಂದೇ, ಅಳತೆ ಪಟ್ಟಿ ಮಾತ್ರ ಕೈಯಿಂದ ಕೈಗೆ ಬದಲಾಗ್ತಾ ಹೋಗುತ್ತೆ.

ಇನ್ನೂ ಒಂದು ಮಾತು ಹೇಳಲೇಬೇಕು, ಕೇಳೋಕೆ ಕಷ್ಟ. ಬಟ್ಟೆ ಮುಚ್ಚಿದ್ರೆ ಮಗು ಸುರಕ್ಷಿತ ಅನ್ನೋದು ನಮ್ಮ ಮನಸ್ಸಿನ ಆಳದಲ್ಲಿರೋ ನಂಬಿಕೆ. ನೆಟ್‌ಫ್ಲಿಕ್ಸ್‌ನ "ಚಿಯರ್" ಸರಣಿಯಲ್ಲಿ ಎಲ್ಲರ ಮುದ್ದಿನವನಾಗಿದ್ದ ಜೆರ್ರಿ ಹ್ಯಾರಿಸ್ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2022ರಲ್ಲಿ 12 ವರ್ಷ ಜೈಲಿಗೆ ಹೋದ. ಬಲಿಯಾದವರು ಹುಡುಗರು. ಅವರ ಯೂನಿಫಾರ್ಮ್ ಉದ್ದ ಪ್ಯಾಂಟಿನದು. ಅದೇ ವರ್ಷ ಸೌತ್ ಕೆರೊಲಿನಾದ ಒಂದು ಜಿಮ್‌ನ ಕೋಚ್‌ಗಳ ಮೇಲೆ ಸರಣಿಯಾಗಿ ದಾವೆಗಳು ಬಂದವು. ಈ ಪ್ರಕರಣಗಳಲ್ಲಿ ಎದ್ದ ಪ್ರಶ್ನೆಗಳೆಲ್ಲ ಬೇರೆ: ಕೋಚ್ ಮಕ್ಕಳಿಗೆ ಖಾಸಗಿಯಾಗಿ ಮೆಸೇಜ್ ಮಾಡ್ತಾ ಇದ್ರಾ, ಊರು ಬಿಟ್ಟು ಸ್ಪರ್ಧೆಗೆ ಹೋದಾಗ ಹೋಟೆಲ್ ರೂಮಲ್ಲಿ ಯಾರ ಜೊತೆ ಯಾರು, ದೂರು ಬಂದಾಗ ಸಂಸ್ಥೆ ಏನು ಮಾಡ್ತು. ಸ್ಕರ್ಟಿನ ಉದ್ದದ ಬಗ್ಗೆ ಮೂರು ದಿನ ಜಗಳ ಆಡೋ ತಂದೆ ತಾಯಿ ಹೋಟೆಲ್ ರೂಮಿನ ಬಗ್ಗೆ ಒಂದು ಪ್ರಶ್ನೆ ಕೇಳದೇ ಇರೋದನ್ನ ನೋಡಿದ್ರೆ ನನಗೆ ಭಯ ಆಗುತ್ತೆ.

ನನ್ನ ಅಭಿಪ್ರಾಯ ಏನು ಅಂತ ಕೇಳಿದ್ರೆ, ನಿಯಮ ಬೇಕು, ಆದ್ರೆ ಅದು ಮರ್ಯಾದೆಯ ಮೇಲೆ ನಿಲ್ಲಬಾರದು, ಆಯ್ಕೆಯ ಮೇಲೆ ನಿಲ್ಲಬೇಕು. ಕ್ರೀಡೆಯಲ್ಲಿ ಇದು ಆಗಲೇ ನಡೀತಾ ಇದೆ. 2021ರ ಜುಲೈಯಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಹುಡುಗಿಯರು ಬಿಕಿನಿ ಬದಲು ಚಡ್ಡಿ ಹಾಕಿದ್ದಕ್ಕೆ 1500 ಯೂರೋ ದಂಡ ಬಿತ್ತು. ಪ್ರಪಂಚವೆಲ್ಲ ಉಗಿದ ಮೇಲೆ ಅದೇ ವರ್ಷ ನಿಯಮ ಬದಲಾಯ್ತು. ಅದೇ ವರ್ಷ ಜರ್ಮನಿಯ ಜಿಮ್ನಾಸ್ಟ್‌ಗಳು ಕಾಲಿನ ಕೊನೆವರೆಗೂ ಮುಚ್ಚೋ ಉಡುಪಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಇಳಿದ್ರು. ಬ್ಯಾಡ್ಮಿಂಟನ್‌ನಲ್ಲಿ 2011ರಲ್ಲಿ ಸ್ಕರ್ಟ್ ಕಡ್ಡಾಯ ಮಾಡೋಕೆ ಹೊರಟು, ವಿರೋಧ ಬಂದು, ಮರುವರ್ಷ ಕೈಬಿಟ್ಟರು. ಫುಟ್‌ಬಾಲಲ್ಲಿ 2014ರಲ್ಲಿ, ಬಾಸ್ಕೆಟ್‌ಬಾಲಲ್ಲಿ 2017ರಲ್ಲಿ ತಲೆವಸ್ತ್ರಕ್ಕೆ ಅನುಮತಿ ಸಿಕ್ಕಿತು. ಇಷ್ಟರಲ್ಲೂ ಸುರಕ್ಷತೆಗೆ ಏನೂ ಕುತ್ತು ಬಂದಿಲ್ಲ.

ಆದ್ರೆ ಇಲ್ಲೊಂದು ತೊಡಕಿದೆ. ಜರ್ಮನ್ ಜಿಮ್ನಾಸ್ಟ್ ಒಬ್ಬಳೇ ಬೀಮ್ ಮೇಲೆ ನಿಲ್ತಾಳೆ, ಬೇರೆ ಉಡುಪು ಹಾಕಿದ್ರೆ ಅದು ಅವಳ ಗುರುತು. ಚಿಯರ್ ಹಾಗಲ್ಲ. ಇಪ್ಪತ್ತು ಜನ ಒಂದೇ ಥರ ಕಾಣೋದೇ ಅದರ ಜೀವ. ಹತ್ತೊಂಬತ್ತು ಜನ ಸ್ಕರ್ಟಲ್ಲಿ, ಒಬ್ಬಳು ಕಪ್ಪು ಲೆಗ್ಗಿಂಗ್ಸಲ್ಲಿ ನಿಂತ್ರೆ, ನಮ್ಮ ಹುಡುಗಿಗೆ ಈಗಷ್ಟೇ ಸಿಕ್ಕ ಗೆಳೆತನ ಮತ್ತೆ ಗಾಜಿನ ಆಚೆ ಹೋದ ಹಾಗೆ. "ಬೇಕಾದವರು ಮುಚ್ಚಿಕೊಳ್ಳಿ" ಅನ್ನೋ ನಿಯಮ ಕಾಗದದ ಮೇಲೆ ಚೆನ್ನಾಗಿರುತ್ತೆ, ಅದರ ಬೆಲೆ ಕಟ್ಟೋಳು ಆ ಒಬ್ಬಳು ಮಗು. ಅದಕ್ಕೇ ಆಯ್ಕೆ ಒಬ್ಬೊಬ್ಬರದ್ದಾಗಬಾರದು, ತಂಡದ್ದಾಗಬೇಕು. ಆರ್ಡರ್ ಹಾಕೋ ಮೊದಲು ಎರಡು ಮೂರು ವಿನ್ಯಾಸ ಇಟ್ಟು, ಹೆಸರಿಲ್ಲದ ಚೀಟಿಯಲ್ಲಿ ಮಕ್ಕಳ ಮನಸ್ಸು ಕೇಳಬೇಕು. ಯಾರಿಗೆ ಅತಿ ಹೆಚ್ಚು ಮುಜುಗರವೋ ಅವರಿಗೆ ಹೊಂದೋ ಅಳತೆಗೆ ಇಡೀ ತಂಡ ಬರಬೇಕು. ಉಳಿದವರಿಗೆ ಎರಡು ಇಂಚು ಬಟ್ಟೆ ಜಾಸ್ತಿ ಆದ್ರೆ ನಷ್ಟ ಏನಿಲ್ಲ.

ಹತ್ತು ವರ್ಷದ ಒಳಗಿನ ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅವರಿಗೆ ಹೊಟ್ಟೆ ಕಾಣೋ ಅಂಗಿ ಬೇಡವೇ ಬೇಡ. ಮಗುವಿನ ಹೊಟ್ಟೆಯಲ್ಲಿ ನಾಚಿಕೆಯದ್ದು ಏನೂ ಇಲ್ಲ, ಸಮುದ್ರದ ದಂಡೆಯಲ್ಲಿ ಯಾರೂ ಕೇಳಲ್ಲ. ಆದ್ರೆ ಸ್ಪರ್ಧೆಯ ಫೋಟೋ, ವಿಡಿಯೋ ಎಲ್ಲ ನೆಟ್‌ನಲ್ಲಿ ಉಳಿಯುತ್ತೆ, ಎಂಟು ವರ್ಷದವಳು ಅದಕ್ಕೆ ಹೂಂ ಅನ್ನೋ ಸ್ಥಿತಿಯಲ್ಲಿ ಇರಲ್ಲ.

ನಮ್ಮ ವೀಕ್ಷಕರಿಗೆ ಹೇಳೋದು: ಸಾರ್, ಮಗಳನ್ನ ತಂಡದಿಂದ ಬಿಡಿಸಬೇಡಿ. ಮೊದಲು ಅವಳನ್ನೇ ಕೇಳಿ, ಅಮ್ಮ ಅಪ್ಪ ಇಬ್ಬರೂ ಒಟ್ಟಿಗೆ ಕೂತು, ಅವಳಿಗೆ ಆ ಬಟ್ಟೆ ಹೇಗನ್ನಿಸುತ್ತೆ ಅಂತ. ಅವಳು ಸರಿ ಅಂದ್ರೆ ಅದೂ ಉತ್ತರವೇ. ಆಮೇಲೆ ಪೋಷಕರ ಸಭೆಗೆ ಹೋಗಿ. ಅಳತೆ ಯಾರು ತೆಗೀತಾರೆ, ಎಲ್ಲಿ ತೆಗೀತಾರೆ, ಇನ್ನೊಬ್ಬ ದೊಡ್ಡವರು ಜೊತೆಗಿರ್ತಾರಾ ಅಂತ ಕೇಳಿ. ಒಳಗೆ ಪೂರ್ತಿ ಬಾಡಿಸೂಟ್ ಹಾಕಬಹುದಾ, ಪಂದ್ಯ ಮುಗಿದ ಮೇಲೆ ಜಾಕೆಟ್ಟು ಪ್ಯಾಂಟು ಕೊಡ್ತಾರಾ, ಕೋಚ್ ಮೆಸೇಜ್ ಗ್ರೂಪಲ್ಲಿ ಪೋಷಕರೂ ಇರ್ತಾರಾ ಅಂತ ಕೇಳಿ. ಹೋಟೆಲ್ ವಿಷಯ ಮರೀಬೇಡಿ. ಇದೆಲ್ಲ ಮುಂಗಡ ಕಟ್ಟೋ ಮೊದಲೇ ಆಗಬೇಕು. ಯೂನಿಫಾರ್ಮು ಒಬ್ಬೊಬ್ಬರ ಅಳತೆಗೆ ಹೊಲಿದು ಬರುತ್ತೆ, ಒಂದು ಸಲ ಆರ್ಡರ್ ಹೋಯ್ತು ಅಂದ್ರೆ ಮಾತು ಮುಂದಿನ ಸೀಸನ್ನಿಗೇ.