ಒಂದು ಬಕೆಟ್ ತುಂಬೋಕೆ ಎಷ್ಟು ಹೊತ್ತು?

ಕಳೆದ ತಿಂಗಳು ನಮ್ಮ ಕ್ಯಾಂಟೀನ್ ಗೋಡೆ ಮೇಲೆ ಒಂದು ಪೋಸ್ಟರ್ ಬಂತು. ಆರು ವಾರ ಆಫ್ರಿಕಾದಲ್ಲಿ ಸ್ವಯಂಸೇವೆ, ಸರ್ಟಿಫಿಕೇಟ್ ಗ್ಯಾರಂಟಿ, ರೆಸ್ಯೂಮೆಗೆ ತೂಕ. ಫೀಸು ಮಾತ್ರ ಕೆಳಗಡೆ ಸಣ್ಣ ಅಕ್ಷರದಲ್ಲಿ. ನಮ್ಮ ರೂಮಿನ ನಾಲ್ಕೂ ಜನಕ್ಕೆ ಆಸೆ ಆಯ್ತು, ಸುಳ್ಳು ಯಾಕೆ ಹೇಳೋದು. 100 ಆಕ್ಟಿವಿಟಿ ಪಾಯಿಂಟ್ ಹೇಗೆ ತುಂಬಿಸೋದು ಅನ್ನೋ ತಲೆಬಿಸಿ ನಿಮಗೂ ಇದ್ದೇ ಇರುತ್ತೆ. ಆದರೆ ಅಲ್ಲಿ ಹೋಗಿ ನಾವು ಮಾಡೋದೇನು ಅಂತ ಪೋಸ್ಟರಿನಲ್ಲಿ ಎಲ್ಲೂ ಇರಲಿಲ್ಲ. ಎಂಜಿನಿಯರಿಂಗ್ ಓದೋ ಹುಡುಗರು ಹೊರದೇಶದ ಹಳ್ಳಿಗಳಲ್ಲಿ ನಿಜವಾಗಿ ಏನು ಮಾಡಿದ್ದಾರೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಒಂದು ಪಂಪಿನ ಕಥೆ.

ಆ ಪಂಪಿನ ಹೆಸರು ಪ್ಲೇಪಂಪ್, ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಐಡಿಯಾ ಕೇಳಿದ್ರೆ ಯಾರಿಗಾದ್ರೂ ಇಷ್ಟ ಆಗುತ್ತೆ. ಪಾರ್ಕಿನಲ್ಲಿ ಮಕ್ಕಳು ಗರಗರ ಸುತ್ತೋ ಚಕ್ರ ಇರುತ್ತಲ್ಲ, ಅದನ್ನ ಬೋರ್‌ವೆಲ್ ಪಂಪಿಗೆ ಜೋಡಿಸೋದು. ಮಕ್ಕಳು ಆಡ್ತಾರೆ, ನೀರು ಮೇಲಿನ ಟ್ಯಾಂಕಿಗೆ ಏರುತ್ತೆ, ಟ್ಯಾಂಕಿನ ಮೈಮೇಲೆ ಜಾಹೀರಾತು ಹಾಕಿ ಬಂದ ದುಡ್ಡಲ್ಲಿ ರಿಪೇರಿ. 2000ರಲ್ಲಿ ಇದಕ್ಕೆ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕ ಸರ್ಕಾರ ಮತ್ತು ಕೆಲವು ಫೌಂಡೇಶನ್‌ಗಳು ಸೇರಿ 1 ಕೋಟಿ 64 ಲಕ್ಷ ಡಾಲರ್ ಘೋಷಿಸಿದವು. 2010ರೊಳಗೆ 4000 ಪಂಪು ಹಾಕೋದು ಗುರಿ.

ಈಗ ನಮ್ಮ ಕೆಲಸ ಮಾಡೋಣ, ಅಂದ್ರೆ ಲೆಕ್ಕ. ಒಂದು ಪಂಪು 2500 ಜನಕ್ಕೆ ಅಂದಿದ್ರು. ತಲೆಗೆ ದಿನಕ್ಕೆ 15 ಲೀಟರ್ ಇಟ್ಕೊಳ್ಳಿ, ವಿಪತ್ತು ಪರಿಹಾರ ಶಿಬಿರಗಳಲ್ಲಿ ಕನಿಷ್ಠ ಅಂತ ಹೇಳೋದೇ ಇಷ್ಟು. ಒಟ್ಟು 37,500 ಲೀಟರ್. 40 ಮೀಟರ್ ಆಳದಿಂದ ಪಂಪು ಎತ್ತೋದು ಗಂಟೆಗೆ 1400 ಲೀಟರ್, ಅದೂ ಯಾರಾದ್ರೂ ಬಿಡದೆ ತಿರುಗಿಸಿದರೆ. ಭಾಗಿಸಿ ನೋಡಿ, ಸುಮಾರು 27 ಗಂಟೆ ಬರುತ್ತೆ. ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು! ಸ್ಕೂಲು ಯಾವಾಗ, ನಿದ್ದೆ ಯಾವಾಗ? ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಬರೆದದ್ದೂ ಇದೇ 27.

ಇನ್ನೊಂದು ತಪ್ಪು ಫಸ್ಟ್ ಇಯರ್ ಮೆಕ್ಯಾನಿಕ್ಸಿನದ್ದು. ಪಾರ್ಕಿನ ಚಕ್ರ ಮಜಾ ಕೊಡೋದು ಯಾಕೆ? ಒಂದ್ಸಲ ತಳ್ಳಿ ಹತ್ತಿ ಕೂತರೆ ಅದರಷ್ಟಕ್ಕೆ ಸುತ್ತುತ್ತೆ. ಪಂಪಿಗೆ ಕಟ್ಟಿದ ಮೇಲೆ ಆ ಶಕ್ತಿಯೆಲ್ಲ ನೀರೆತ್ತೋಕೆ ಹೋಗುತ್ತೆ, ತಳ್ಳೋದು ನಿಲ್ಲಿಸಿದ ಕೂಡಲೇ ಚಕ್ರವೂ ನಿಲ್ಲುತ್ತೆ. ಅದಾದ್ಮೇಲೆ ಅದು ಆಟ ಅಲ್ಲ, ಕೂಲಿ ಕೆಲಸ.

ಇದನ್ನ ಸ್ಥಳದಲ್ಲೇ ನಿಂತು ನೋಡಿದವರಲ್ಲಿ ಒಬ್ಬ ಮಲಾವಿಯಲ್ಲಿದ್ದ ಕೆನಡಾದ ಹುಡುಗ, ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಕೆನಡಾ ಸಂಸ್ಥೆಯ ಸ್ವಯಂಸೇವಕ. 2000ದಲ್ಲಿ ಆ ಸಂಸ್ಥೆ ಶುರುಮಾಡಿದ್ದು ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿದ ಇಬ್ಬರು. ಅವರ ಸ್ವಯಂಸೇವಕರು ಹಳ್ಳಿಯ ಮನೆಗಳಲ್ಲೇ ಉಳಿದು, ಚಿಚೇವಾ ಕಲಿತು, ನ್ಸಿಮಾ ತಿಂದು ಬದುಕ್ತಿದ್ರು. (ನ್ಸಿಮಾ ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ರಾಗಿಮುದ್ದೆಗೆ ದೂರದ ಅಣ್ಣ ಅನ್ನಬಹುದು.)

ಅವನು ಮಾಡಿದ್ದು ಬಹಳ ಸಿಂಪಲ್ ಪ್ರಯೋಗ. ಬಕೆಟ್ ಇಟ್ಟು ಸ್ಟಾಪ್‌ವಾಚ್ ಒತ್ತಿದ. ಹಳೆಯ ಆಫ್ರಿಡೆವ್ ಕೈಪಂಪಿನಲ್ಲಿ ಅರ್ಧ ನಿಮಿಷದೊಳಗೆ ತುಂಬಿತು. ಪ್ಲೇಪಂಪಿನಲ್ಲಿ ಮೂರು ನಿಮಿಷದ ಮೇಲಾಯ್ತು. ಬೇಜಾರಿನ ವಿಷಯ ಅಂದ್ರೆ ಕೆಲವು ಕಡೆ ಕೆಲಸ ಮಾಡ್ತಿದ್ದ ಕೈಪಂಪನ್ನೇ ಕಿತ್ತು ಇದನ್ನ ಕೂರಿಸಿದ್ರು. ಆಫ್ರಿಡೆವ್ ವಿನ್ಯಾಸ ಮಾಡಿದ್ದೇ ಊರಿನವರು ಕೆಲವೇ ಸಲಕರಣೆಯಲ್ಲಿ ತಾವೇ ಬಿಚ್ಚಿ ಸರಿಮಾಡಲಿ ಅಂತ. ಹೊಸದು ಕೆಟ್ಟರೆ ಕಂಪನಿಯವರು ಬರೋ ತನಕ ಕಾಯಬೇಕು.

ಅವನು ಗಮನಿಸಿದ ಇನ್ನೊಂದು ಸಂಗತಿ ನಮಗೆ ಚುಚ್ಚಿತು. ಯಾವಾಗ ಹೋದರೂ ಅಲ್ಲಿ ಆಡೋ ಮಕ್ಕಳು ಕಾಣ್ತಿರಲಿಲ್ಲ. ಹೆಂಗಸರು, ಮಕ್ಕಳು ಕೈಯಲ್ಲಿ ಕಷ್ಟಪಟ್ಟು ಚಕ್ರ ತಳ್ಳೋದೇ ಕಾಣ್ತಿತ್ತು. ಆದರೆ ಅವನು ಕ್ಯಾಮೆರಾ ತೆಗೆದ ತಕ್ಷಣ ಮಕ್ಕಳು ಖುಷಿಯಿಂದ ಹತ್ತಿ ಆಡೋರು. ಐದು ನಿಮಿಷ ಬಂದು ಹೋಗೋನ ಫೋಟೋದಲ್ಲಿ ಯೋಜನೆ ಸೂಪರ್ ಹಿಟ್. ತಿಂಗಳುಗಟ್ಟಲೆ ಅಲ್ಲೇ ಇದ್ದವನಿಗೆ ಮಾತ್ರ ಫೋಟೋ ಆದ್ಮೇಲಿನ ದೃಶ್ಯ ಗೊತ್ತು.

ಅಮೆರಿಕದ ಪೀಸ್ ಕೋರ್ 1961ರಲ್ಲಿ ಶುರುವಾದಾಗಿನಿಂದ ಎರಡು ವರ್ಷದ ಅವಧಿ ಇಟ್ಟಿರೋದು, ಮೊದಲು ಭಾಷೆ ಕಲಿಸೋದು, ಇದಕ್ಕೇ ಇರಬೇಕು. ಅವರ ಹುಡುಗರು 1970ರ ದಶಕದವರೆಗೆ ನಮ್ಮ ದೇಶಕ್ಕೂ ಬಂದಿದ್ರು, ಕೋಳಿ ಸಾಕಣೆ, ಬಾವಿ ಅಂತ ಹಳ್ಳಿಗಳಲ್ಲಿ ಕೆಲಸ ಮಾಡಿದ್ರು. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್, 68ನೇ ವಯಸ್ಸಿನಲ್ಲಿ ಮುಂಬೈ ಹತ್ತಿರದ ವಿಕ್ರೋಲಿಗೆ ಬಂದು ದವಾಖಾನೆಯಲ್ಲಿ ದುಡಿದ್ರು. ಎರಡು ವರ್ಷ ಇದ್ದವರೆಲ್ಲ ಉದ್ಧಾರ ಮಾಡಿದ್ರು ಅಂತಲ್ಲ. ಆದ್ರೆ ತಪ್ಪು ಮಾಡಿ, ಅದು ತಪ್ಪು ಅಂತ ಗೊತ್ತಾಗೋ ತನಕ ಊರಲ್ಲಿ ಇರೋಕೆ ಆರು ವಾರ ಸಾಲಲ್ಲ ಅಂತ ನಮಗನ್ನಿಸುತ್ತೆ.

ಕೆನಡಾದ ಆ ಸಂಸ್ಥೆ 2008ರಿಂದ ತನ್ನದೇ ಸೋಲುಗಳ ವರದಿ ಅಚ್ಚು ಹಾಕೋಕೆ ಶುರುಮಾಡಿತು. ಫೇಲ್ಯೂರ್ ರಿಪೋರ್ಟ್ ಅಂತಲೇ ಹೆಸರು. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಸರಿ ಬರದಿದ್ರೆ ಏನು ಮಾಡ್ತೀವಿ ಅಂತ ಎಲ್ಲರಿಗೂ ಗೊತ್ತು, ಅದನ್ನ ಇಲ್ಲಿ ಬರೆಯಲ್ಲ.

ಆದ್ರೆ ಒಂದು ಸೋಲು ನಾವೂ ಬರೀಬೇಕು. ಹೋದ ವರ್ಷ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಒಂದು ಹಳ್ಳಿ ಶಾಲೆಗೆ ಮರಳು, ಇದ್ದಿಲಿನ ವಾಟರ್ ಫಿಲ್ಟರ್ ಕಟ್ಟಿದ್ವಿ. ಗ್ರೂಪ್ ಫೋಟೋ ಇನ್ನೂ ನಮ್ಮ ಡಿಪಾರ್ಟ್‌ಮೆಂಟ್ ಬೋರ್ಡಿನಲ್ಲಿದೆ. ಐದು ತಿಂಗಳಾದ್ಮೇಲೆ ಏನೋ ಕೆಲಸಕ್ಕೆ ಆ ಕಡೆ ಹೋದಾಗ ನೋಡಿದ್ರೆ ಫಿಲ್ಟರ್ ಒಣಗಿತ್ತು, ಮೇಲೆ ಪೊರಕೆ ಇಟ್ಟಿದ್ರು. ಬಿಸಿಯೂಟದ ಅಕ್ಕನ್ನ ಕೇಳಿದ್ವಿ. ನಲ್ಲಿ ಕೆಳಗೆ ಬಿಂದಿಗೆ ಹಿಡಿಯಲ್ಲ ಅಂದ್ರು. ನಾವು ಬಾಟಲಿ ಲೆಕ್ಕದಲ್ಲಿ ನಲ್ಲಿ ಇಟ್ಟಿದ್ವಿ. ಆವಾಗ್ಲೇ ಹೇಳಬಹುದಿತ್ತಲ್ಲ ಅಂದಿದ್ದಕ್ಕೆ, ನೀವು ಫೋಟೋ ತೆಗೆಯೋದ್ರಲ್ಲಿ ಇದ್ರಿ ಅಂತ ನಕ್ಕರು. ಬಸ್‌ಸ್ಟ್ಯಾಂಡ್ ಬರೋ ತನಕ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಪೋಸ್ಟರಿನವರಿಗೆ ಮೇಲ್ ಹಾಕಿ ಮೂರು ಪ್ರಶ್ನೆ ಕೇಳಿದ್ವಿ. ಈ ಕೆಲಸ ಬೇಕು ಅಂದವರು ಯಾರು? ಅಲ್ಲಿನ ಭಾಷೆ ಕಲಿಸ್ತೀರಾ? ಆರು ವಾರದ ಮೇಲೆ ಅದನ್ನ ನೋಡ್ಕೊಳ್ಳೋರು ಯಾರು? ತಿಂಗಳ ಕೊನೆಯೊಳಗೆ ಕಟ್ಟಿದರೆ ಫೀಸಿನಲ್ಲಿ ರಿಯಾಯಿತಿ ಇದೆ ಅಂತ ಉತ್ತರ ಬಂತು. ನಮ್ಮಲ್ಲಿ ಮೂವರು ಬಿಟ್ವಿ. ಒಬ್ಬ ಇನ್ನೂ ಯೋಚನೆ ಮಾಡ್ತಿದ್ದಾನೆ, ಅವನ ಇಷ್ಟ.

ಇಂಟರ್ನಲ್ಸ್ ಮುಗಿದ ಮೇಲಿನ ಭಾನುವಾರ ಆ ಶಾಲೆಗೆ ಹೋಗ್ತಿದ್ದೀವಿ, ಬೆಳಿಗ್ಗೆ ಏಳರ ಬಸ್ಸು. ಪ್ಲಂಬಿಂಗ್ ಗೊತ್ತಿರೋರು ಯಾರಾದ್ರೂ ಇದ್ರೆ ಬನ್ನಿ. ಬಿಂದಿಗೆಯ ಎತ್ತರ ಅಕ್ಕನ ಹತ್ರ ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದೀವಿ, 13 ಇಂಚು.