ನೊರೆಗೊಂದು ನೋಟಿಸ್ ಕೊಡಿ

ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟೋ ವೃಷಭಾವತಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ತಲುಪೋ ಹೊತ್ತಿಗೆ ನದಿಯಾಗಿ ಉಳಿದಿರಲ್ಲ, ಬರೀ ನೊರೆ. ಅಲ್ಲಿಂದ ಅರ್ಕಾವತಿಗೆ, ಆಮೇಲೆ ಸಂಗಮದಲ್ಲಿ ಕಾವೇರಿಗೆ. ಅಂದ್ರೆ ಕಾವೇರಿ ನೀರು ಕುಡಿದ ಊರು, ಕಾವೇರಿಗೇ ಕೊಳಚೆ ವಾಪಸ್ ಕೊಡ್ತಿದೆ.

ಇಂಥ ಹೊಳೆಯ ದಡದಿಂದ ನಮಗೆ ಫೋನ್ ಬರುತ್ತೆ. 'ಸಾರ್, ಒಂದ್ಸಲ ಕ್ಯಾಮೆರಾ ಕಳಿಸಿ.' ಕಳಿಸ್ತೀವಿ. ನೊರೆ ತೋರಿಸ್ತೀವಿ, ಅಧಿಕಾರಿಗಳನ್ನ ತರಾಟೆಗೆ ತಗೋತೀವಿ. ಮೂರನೇ ದಿನಕ್ಕೆ ಬೇರೆ ಸುದ್ದಿ. ಕ್ಯಾಮೆರಾದ ಆಯುಸ್ಸು ಅಷ್ಟೇ ಸ್ವಾಮಿ! ಅದಕ್ಕಿಂತ ಗಟ್ಟಿಯಾದ ಅಸ್ತ್ರ ನಿಮ್ಮ ಕೈಯಲ್ಲೇ ಇದೆ. ಅದು 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ.

ಮೊದಲನೇ ಕೆಲಸ, ಒಪ್ಪಿಗೆ ಏನಿತ್ತು ಅಂತ ನೋಡೋದು. ಕಾರ್ಖಾನೆ ತ್ಯಾಜ್ಯ ನೀರು ಬಿಡೋಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು, ಅದಕ್ಕೆ ಷರತ್ತುಗಳಿರುತ್ತವೆ. ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಆ ಷರತ್ತುಗಳ ರಿಜಿಸ್ಟರನ್ನ ತೊಂದರೆಗೊಳಗಾದ ಯಾರು ಬೇಕಾದ್ರೂ ನೋಡಬಹುದು. ತೋರಿಸಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ.

ಎರಡನೇದು ಸ್ಯಾಂಪಲ್. ಇಲ್ಲೇ ತುಂಬಾ ಜನ ಎಡವೋದು. ನೀವು ಬಾಟಲಿಯಲ್ಲಿ ಹಿಡಿದಿಟ್ಟ ನೀರನ್ನ ತೋರಿಸಿ ದೂರು ಕೊಡಬಹುದು, ಆದರೆ ಈ ಕಾಯ್ದೆಯಡಿ ಕೋರ್ಟು ಒಪ್ಪೋ ಸ್ಯಾಂಪಲ್ ಅದಲ್ಲ. 21ನೇ ಸೆಕ್ಷನ್ ಹೇಳೋ ಹಾಗೆ ಮಂಡಳಿಯ ಅಧಿಕಾರಿಯೇ ನೋಟಿಸ್ ಕೊಟ್ಟು, ಸ್ಯಾಂಪಲ್ ತೆಗೆದು, ಸೀಲು ಹಾಕಬೇಕು. ಹಾಗಾದ್ರೆ ನಿಮ್ಮ ಕೆಲಸ ಏನು? ಅವರು ಬರೋ ಹಾಗೆ ಮಾಡೋದು. ಯಾವ ದಿನ, ಎಷ್ಟು ಗಂಟೆಗೆ, ಯಾವ ಪೈಪಿನಿಂದ ಬಂತು, ಎಲ್ಲಾ ಬರೆದು, ಫೋಟೋ ಇಟ್ಟು ದೂರು ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಮೂರನೇದು 49ನೇ ಸೆಕ್ಷನ್. 1988ರ ತಿದ್ದುಪಡಿಗೆ ಮುಂಚೆ ಈ ಕಾಯ್ದೆಯಲ್ಲಿ ಕೇಸು ಹಾಕೋ ಬೀಗದ ಕೈ ಮಂಡಳಿಯ ಹತ್ತಿರ ಇತ್ತು. ಆಮೇಲೆ ನಮಗೂ ಒಂದು ಸಿಕ್ಕಿತು. 'ಇಂಥ ಅಪರಾಧ ನಡೆದಿದೆ, ನಾನೇ ದೂರು ಹೂಡ್ತೀನಿ' ಅಂತ ಮಂಡಳಿಗೆ 60 ದಿನದ ನೋಟಿಸ್ ಕೊಡಿ. ಅವಧಿ ಮುಗಿದ ಮೇಲೆ ನೀವೇ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ದೂರು ಹೂಡಿದ ಮೇಲೆ ನೀವು ಕೇಳಿದ್ರೆ ಮಂಡಳಿ ತನ್ನಲ್ಲಿರೋ ವರದಿಗಳನ್ನ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಅಂತಾದ್ರೆ ಮಾತ್ರ ನಿರಾಕರಿಸಬಹುದು.

ಒಂದು ಎಚ್ಚರಿಕೆ. 2024ರ ತಿದ್ದುಪಡಿ ಹಲವು ಅಪರಾಧಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷದವರೆಗೆ ದಂಡ ಅಂತ ಮಾಡಿದೆ. ಒಪ್ಪಿಕೊಂಡ ರಾಜ್ಯಗಳಿಗೆ ಅದು ಅನ್ವಯ. ಹಾಗಾಗಿ ನೋಟಿಸ್ ಬರೆಯೋ ಮುಂಚೆ ವಕೀಲರನ್ನ ಒಂದು ಮಾತು ಕೇಳಿ.

ಇನ್ನೊಂದು ಬಾಗಿಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಕರ್ನಾಟಕಕ್ಕೆ ಅದರ ಚೆನ್ನೈ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಆದರೆ ತಕರಾರು ಶುರುವಾದ 6 ತಿಂಗಳೊಳಗೆ ಹೋಗಬೇಕು. ತಡಕ್ಕೆ ಸರಿಯಾದ ಕಾರಣ ಕೊಟ್ರೆ ಇನ್ನೂ 60 ದಿನ ಸಿಗಬಹುದು, ಅಷ್ಟೇ.

'ನನ್ನ ಜಮೀನು ಹೊಳೆ ಪಕ್ಕದಲ್ಲಿಲ್ಲ, ನಾನ್ಯಾರು ಕೇಳೋಕೆ?' ಅಂತೀರಾ? ಗಂಗೆಯ ಕೊಳಕಿನ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದ ವಕೀಲ ಎಂ.ಸಿ. ಮೆಹ್ತಾ ಕೂಡ ಗಂಗೆಯ ದಡದ ಜಮೀನಿನ ಒಡೆಯರಾಗಿರಲಿಲ್ಲ. ಆದರೂ ಅವರಿಗೆ ಕೇಳೋ ಹಕ್ಕಿದೆ ಅಂತ 1988ರ ಜನವರಿಯಲ್ಲಿ ಕಾನ್ಪುರದ ನಗರಸಭೆಗೆ ಸಂಬಂಧಪಟ್ಟ ತೀರ್ಪು ಹೇಳಿತು. ಆ ಪೀಠದಲ್ಲಿ ಕೂತಿದ್ದವರು ನಮ್ಮ ಮಂಡ್ಯ ಜಿಲ್ಲೆಯವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ನೆನಪಿರಲಿ, ಆ ತೀರ್ಪಿನಲ್ಲಿ ಕಟಕಟೆಯಲ್ಲಿ ನಿಂತಿದ್ದು ಕಾರ್ಖಾನೆಯಲ್ಲ, ಚರಂಡಿ ನೀರನ್ನ ಹೊಳೆಗೆ ಬಿಟ್ಟ ನಗರಸಭೆ. ನಿಮ್ಮೂರಿನ ಪುರಸಭೆಗೂ ಈ ಮಾತು ಅನ್ವಯಿಸುತ್ತೆ.

ಕ್ಯಾಮೆರಾ ಬೇಕಾದ್ರೆ ಕರೀರಿ, ಬರ್ತೀವಿ. ಆದರೆ ಅದಕ್ಕೂ ಮುಂಚೆ ತಾರೀಖು ಹಾಕಿದ ಒಂದು ಅರ್ಜಿ ಮಂಡಳಿಯ ಕಚೇರಿ ಸೇರಿರಲಿ. ಕೂಗಾಟಕ್ಕೆ ಉತ್ತರ ಕೊಡದೆ ಇರಬಹುದು. ಮೊಹರು ಬಿದ್ದ ಕಾಗದಕ್ಕೆ ಇವತ್ತಲ್ಲ ನಾಳೆ ಯಾರಾದರೂ ಉತ್ತರ ಕೊಡಲೇಬೇಕು.