ಚಂದಕ್ಕಾಗಿ ವಿದೇಶ ಪ್ರಯಾಣ: ಆಪರೇಷನ್ ಒಂದು ದಿನ, ಆರೈಕೆ ಹಲವು ತಿಂಗಳು

ಇಸ್ತಾಂಬುಲ್‌ನಿಂದ ಹೊರಡುವ ವಿಮಾನಗಳಲ್ಲಿ ಹಣೆಗೆ ಕಪ್ಪು ಪಟ್ಟಿ ಕಟ್ಟಿಕೊಂಡ, ನೆತ್ತಿಯ ಮೇಲೆ ಕೆಂಪು ಚುಕ್ಕೆಗಳಿರುವ ಗಂಡಸರನ್ನು ನೋಡುವುದು ಈಗ ಅಪರೂಪವಲ್ಲ. ಅವರೆಲ್ಲ ಕೂದಲು ಕಸಿ ಮಾಡಿಸಿಕೊಂಡು ಊರಿಗೆ ಮರಳುತ್ತಿರುವವರು. ಮೂಗು, ಕಣ್ಣಿನ ರೆಪ್ಪೆ ಸರಿಪಡಿಸಿಕೊಳ್ಳಲು ದಕ್ಷಿಣ ಕೊರಿಯಾದ ಸೋಲ್‌ಗೆ ಹೋಗುವವರಿದ್ದಾರೆ, ಸ್ತನ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬ್ಯಾಂಕಾಕ್‌ಗೆ ಹೋಗುವವರಿದ್ದಾರೆ. ನಿಮ್ಮ ಮೊಬೈಲ್‌ನಲ್ಲೂ ಇಂಥ ಜಾಹೀರಾತು ಬಂದಿರಬಹುದು: ವಿಮಾನ ನಿಲ್ದಾಣಕ್ಕೆ ಕಾರು, ಹೋಟೆಲ್, ಆಪರೇಷನ್, ಊರು ಸುತ್ತಾಟ, ಎಲ್ಲ ಸೇರಿ ಒಂದೇ ಪ್ಯಾಕೇಜ್.

ಹೀಗೆ ಹೋಗುವುದು ತಪ್ಪೇನಲ್ಲ. ಈ ಊರುಗಳಲ್ಲಿ ನುರಿತ ಸರ್ಜನ್‌ಗಳೂ ಒಳ್ಳೆಯ ಆಸ್ಪತ್ರೆಗಳೂ ಇವೆ. ಆದರೆ ಪ್ಯಾಕೇಜ್ ಮುಗಿಯುವುದು ನಾಲ್ಕೈದು ದಿನಗಳಲ್ಲಿ. ಗಾಯ ಮಾಯುವುದಕ್ಕೆ ವಾರಗಳು ಬೇಕು, ಕೆಲವು ತೊಂದರೆಗಳು ತಲೆ ಎತ್ತುವುದೇ ತಿಂಗಳಾದ ಮೇಲೆ. ಆ ಹೊತ್ತಿಗೆ ನೀವು ಪುಣೆಯಲ್ಲೋ ಚೆನ್ನೈನಲ್ಲೋ ಇರುತ್ತೀರಿ, ನಿಮ್ಮ ಸರ್ಜನ್ ಸಾವಿರಾರು ಕಿಲೋಮೀಟರ್ ದೂರದಲ್ಲಿರುತ್ತಾರೆ. ಟಿಕೆಟ್ ತೆಗೆದುಕೊಳ್ಳುವ ಮೊದಲು ಯೋಚಿಸಬೇಕಾದದ್ದು ಈ ಅಂತರದ ಬಗ್ಗೆ.

ಕೂದಲು ಕಸಿ: ದಾಸ್ತಾನು ಸೀಮಿತ

ಕೂದಲು ಕಸಿಯಲ್ಲಿ ಹೊಸ ಕೂದಲು ಸೃಷ್ಟಿಯಾಗುವುದಿಲ್ಲ. ತಲೆಯ ಹಿಂಭಾಗದ ಕೂದಲನ್ನು ಬುಡಸಮೇತ ತೆಗೆದು ಮುಂಭಾಗದಲ್ಲಿ ನೆಡುತ್ತಾರೆ. ಹೀಗೆ ತೆಗೆದ ಒಂದೊಂದು ಬುಡವೂ ಒಂದು ಗ್ರಾಫ್ಟ್. ಅದರಲ್ಲಿ 1ರಿಂದ 4 ಕೂದಲು ಇರುತ್ತವೆ. ಬೊಕ್ಕತಲೆಗೆ ಕಾರಣವಾಗುವ ಹಾರ್ಮೋನಿನ ಪ್ರಭಾವ ಹಿಂಭಾಗದ ಕೂದಲಿನ ಮೇಲೆ ಕಡಿಮೆ. ಅದಕ್ಕೇ ಅಲ್ಲಿಂದ ತೆಗೆಯುವುದು. ಆದರೆ ಒಮ್ಮೆ ತೆಗೆದ ಬುಡ ಅಲ್ಲಿ ಮತ್ತೆ ಬೆಳೆಯುವುದಿಲ್ಲ.

25 ವರ್ಷದ ಹುಡುಗನಿಗೆ ಒಂದೇ ದಿನ ಸಾವಿರಾರು ಗ್ರಾಫ್ಟ್ ಹಾಕಿ ಹಣೆ ತುಂಬಿಸಿದರೆ ಆ ವರ್ಷ ಚೆನ್ನಾಗಿಯೇ ಕಾಣಬಹುದು. ಅವನ ಸ್ವಂತ ಕೂದಲು ಉದುರುವುದು ಮಾತ್ರ ನಿಂತಿರುವುದಿಲ್ಲ. 40ರ ಹೊತ್ತಿಗೆ ನಡುನೆತ್ತಿ ಖಾಲಿಯಾದಾಗ ತುಂಬಲು ಹಿಂದೆ ಏನೂ ಉಳಿದಿರುವುದಿಲ್ಲ. ಮಿತಿಮೀರಿ ತೆಗೆದಿದ್ದರೆ ಹಿಂಭಾಗವೇ ಹುಳು ತಿಂದಂತೆ ಕಾಣುತ್ತದೆ. ‘ಹೆಚ್ಚು ಗ್ರಾಫ್ಟ್ ಕೊಡುತ್ತೇವೆ’ ಎನ್ನುವುದು ಲಾಭದ ಮಾತಿನಂತೆ ಕೇಳಿದರೂ ಎಚ್ಚರ ಇರಲಿ.

ಫಲಿತಾಂಶಕ್ಕೂ ತಾಳ್ಮೆ ಬೇಕು. ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಇದು ಸಹಜ, ಗಾಬರಿ ಬೇಡ. ಮತ್ತೆ ಚಿಗುರಲು ಮೂರ್ನಾಲ್ಕು ತಿಂಗಳು, ಪೂರ್ತಿ ರೂಪ ಕಾಣಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ವರ್ಷದ ಕೊನೆಗೆ ಫಲಿತಾಂಶ ಸರಿಯಿಲ್ಲದಿದ್ದರೆ ಯಾರನ್ನು ಕೇಳುತ್ತೀರಿ ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು.

ಉಪಕರಣ ಯಾರ ಕೈಯಲ್ಲಿ?

ಜಾಹೀರಾತಿನಲ್ಲಿ ವೈದ್ಯರ ಫೋಟೊ ಇದ್ದರೂ ಕೆಲಸ ಮಾಡುವವರು ಬೇರೆಯವರಾಗಿರಬಹುದು. ವೈದ್ಯರು ಹಣೆಯ ಮೇಲೆ ಗೆರೆ ಎಳೆದು ಹೋದ ಮೇಲೆ ಉಳಿದದ್ದನ್ನೆಲ್ಲ ವೈದ್ಯರಲ್ಲದ ಸಹಾಯಕರೇ ಮಾಡುವ ಕ್ಲಿನಿಕ್‌ಗಳ ಬಗ್ಗೆ ಕೂದಲು ಕಸಿ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘವೇ ವರ್ಷಗಳಿಂದ ಎಚ್ಚರಿಸುತ್ತಿದೆ. ನಮ್ಮಲ್ಲೂ ಈ ಸಮಸ್ಯೆ ಇದೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕೂದಲು ಕಸಿಯನ್ನು ತಕ್ಕ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು. ವರ್ಕ್‌ಶಾಪ್‌ಗೆ ಹೋಗಿಬಂದದ್ದು, ಯೂಟ್ಯೂಬ್ ನೋಡಿದ್ದು ತರಬೇತಿ ಎನಿಸುವುದಿಲ್ಲ. ವಿದೇಶಕ್ಕೆ ಹೋಗುವಾಗಲೂ ಇದೇ ಅಳತೆಗೋಲು ಇಟ್ಟುಕೊಳ್ಳಿ. ಟರ್ಕಿಯಲ್ಲಿ ಹೊರದೇಶದ ರೋಗಿಗಳಿಗೆ ಚಿಕಿತ್ಸೆ ನೀಡುವ ಕ್ಲಿನಿಕ್‌ಗಳು ಅಲ್ಲಿನ ಆರೋಗ್ಯ ಸಚಿವಾಲಯದ ಅನುಮತಿ ಪತ್ರ ಪಡೆದಿರಬೇಕು. ಅದನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ದೊಡ್ಡ ಶಸ್ತ್ರಚಿಕಿತ್ಸೆ, ದೊಡ್ಡ ಅಪಾಯ

ಕೊಬ್ಬು ತೆಗೆಸುವ ಲೈಪೊಸಕ್ಷನ್, ಹೊಟ್ಟೆ ಬಿಗಿಗೊಳಿಸುವ ಟಮ್ಮಿ ಟಕ್, ನಿತಂಬಕ್ಕೆ ಕೊಬ್ಬು ತುಂಬಿಸುವುದು ಇವೆಲ್ಲ ದೊಡ್ಡ ಆಪರೇಷನ್‌ಗಳು. ಡೊಮಿನಿಕನ್ ಗಣರಾಜ್ಯಕ್ಕೆ ಇಂಥ ಶಸ್ತ್ರಚಿಕಿತ್ಸೆಗೆಂದು ಹೋದ ಅಮೆರಿಕನ್ನರಲ್ಲಿ 2009ರಿಂದ 2022ರವರೆಗೆ 93 ಮಂದಿ ಸತ್ತಿದ್ದಾರೆ ಎಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ವರದಿ ಮಾಡಿದೆ. ವಿವರವಾಗಿ ಪರಿಶೀಲಿಸಿದ ಪ್ರಕರಣಗಳಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣ ರಕ್ತನಾಳದೊಳಗೆ ಸೇರಿದ ಕೊಬ್ಬಿನ ಕಣಗಳು ಅಥವಾ ಹೆಪ್ಪುಗಟ್ಟಿದ ರಕ್ತ. ಒಂದೇ ಸಲಕ್ಕೆ ಎರಡು ಮೂರು ಆಪರೇಷನ್ ಮಾಡಿಸಿಕೊಂಡರೆ ಅಪಾಯ ಹೆಚ್ಚುತ್ತದೆ. ‘ಹೇಗೂ ಇಷ್ಟು ದೂರ ಬಂದಿದ್ದೀರಿ, ಇದನ್ನೂ ಮಾಡಿಸಿಕೊಂಡುಬಿಡಿ’ ಎಂದರೆ ಬೇಡ ಎನ್ನಿ.

ಊರಲ್ಲೇ ಮಾಡಿಸಿಕೊಂಡರೆ ಅಪಾಯವೇ ಇಲ್ಲವೆಂದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸಿಕೊಂಡ 21 ವರ್ಷದ ಕಿರುತೆರೆ ನಟಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಎಲ್ಲೇ ಆಗಲಿ, ಅರಿವಳಿಕೆ ತಜ್ಞರು ಮತ್ತು ತೀವ್ರ ನಿಗಾ ಘಟಕ ಕೈಗೆಟುಕುವಷ್ಟು ಹತ್ತಿರ ಇವೆಯೇ ಎಂದು ವಿಚಾರಿಸಿ.

ವಿಮಾನ ಹತ್ತಲು ಅವಸರ ಬೇಡ

ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟುವ ಸಂಭವ ತಾನಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ಗಂಟೆಗಟ್ಟಲೆ ಕಾಲು ಮಡಚಿ ಕೂರುವುದು ಸೇರಿದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ 10 ದಿನ ವಿಮಾನ ಪ್ರಯಾಣ ಬೇಡ ಎನ್ನುತ್ತದೆ ಸಿಡಿಸಿ. ಮುಖ, ಮೂಗು, ಕಣ್ಣಿನ ರೆಪ್ಪೆಯ ಶಸ್ತ್ರಚಿಕಿತ್ಸೆಗೆ ಮತ್ತು ಲೇಸರ್ ಚಿಕಿತ್ಸೆಗೆ 7ರಿಂದ 10 ದಿನ. ಐದು ದಿನದ ಪ್ಯಾಕೇಜ್‌ನಲ್ಲಿ ಈ ಲೆಕ್ಕ ಕೂಡುವುದಿಲ್ಲ. ಹೆಚ್ಚಿನ ದಿನಗಳ ಹೋಟೆಲ್ ಖರ್ಚನ್ನು ಮೊದಲೇ ಸೇರಿಸಿ ನೋಡಿ. ಆಗ ಅಗ್ಗ ಎನಿಸಿದ್ದು ಎಷ್ಟು ಅಗ್ಗ ಎಂಬುದು ತಿಳಿಯುತ್ತದೆ.

ತಡವಾಗಿ ಬರುವ ಸೋಂಕು

ಸಾಮಾನ್ಯ ಸೋಂಕು ಕೆಲವು ದಿನಗಳಲ್ಲೇ ಗೊತ್ತಾಗುತ್ತದೆ. ಆದರೆ ನೀರು, ಮಣ್ಣಿನಲ್ಲಿರುವ ಕೆಲವು ಮೈಕೋಬ್ಯಾಕ್ಟೀರಿಯಾಗಳು ಸರಿಯಾಗಿ ಶುದ್ಧಿ ಮಾಡದ ಉಪಕರಣದ ಮೂಲಕ ಒಳಸೇರಿದರೆ ವಾರಗಳು, ತಿಂಗಳುಗಳ ನಂತರ ಗಂಟು, ಕೀವು ಕಾಣಿಸುತ್ತದೆ. ಮಾಮೂಲಿ ಆ್ಯಂಟಿಬಯಾಟಿಕ್‌ಗೆ ಇವು ಜಗ್ಗುವುದಿಲ್ಲ. ಇವು ಕ್ಷಯರೋಗಾಣುವಿನ ಸಂಬಂಧಿಗಳು. ಹಾಗಾಗಿ ನಮ್ಮಲ್ಲಿ ಇವನ್ನು ಟಿಬಿ ಎಂದು ತಪ್ಪು ತಿಳಿಯುವ ಸಂಭವವೂ ಇದೆ. ಕೀವನ್ನು ವಿಶೇಷ ಕಲ್ಚರ್ ಪರೀಕ್ಷೆಗೆ ಕಳಿಸಿದರೆ ಮಾತ್ರ ಖಚಿತವಾಗುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ.

2023ರಲ್ಲಿ ಮೆಕ್ಸಿಕೊದ ಮಟಮೊರೊಸ್ ನಗರದ ಎರಡು ಕ್ಲಿನಿಕ್‌ಗಳಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಗಾಗಿ ಬೆನ್ನಿಗೆ ಅರಿವಳಿಕೆ ಚುಚ್ಚಿಸಿಕೊಂಡವರಲ್ಲಿ ಶಿಲೀಂಧ್ರದಿಂದ ಮೆದುಳು ಪೊರೆಯ ಉರಿಯೂತ ಕಾಣಿಸಿಕೊಂಡು ಹಲವರು ಸತ್ತರು. ಅದು ಶುರುವಾದದ್ದು ಬರೀ ತಲೆನೋವಿನಿಂದ.

ಇಲ್ಲೇ ಒಂದು ಮುಖ್ಯ ಮಾತು. ಅನೇಕರು ಮನೆಯವರಿಗೂ ಹೇಳದೆ, ಟೂರ್ ಹೋಗುತ್ತೇನೆಂದು ಹೊರಡುತ್ತಾರೆ. ಮರಳಿದ ಮೇಲೆ ಜ್ವರ ಬಂದರೆ ವೈದ್ಯರ ಮುಂದೆಯೂ ಅದೇ ಗುಟ್ಟು. ನೆಂಟರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ವೈದ್ಯರಿಗೆ ಮತ್ತು ಮನೆಯಲ್ಲಿ ಒಬ್ಬರಿಗಾದರೂ ಎಲ್ಲಿ, ಯಾವಾಗ, ಏನು ಮಾಡಿಸಿದಿರಿ ಎಂದು ಹೇಳಲೇಬೇಕು.

ಹೊರಡುವ ಮುನ್ನ

• ಆಪರೇಷನ್ ಮಾಡುವ ವೈದ್ಯರ ಹೆಸರು, ಅರ್ಹತೆ, ನೋಂದಣಿ ಸಂಖ್ಯೆ ಬರಹದಲ್ಲಿ ಪಡೆಯಿರಿ. ಏಜೆಂಟರ ಜೊತೆ ಮಾತ್ರವಲ್ಲ, ಆ ವೈದ್ಯರ ಜೊತೆಯೇ ವಿಡಿಯೊ ಕಾಲ್‌ನಲ್ಲಿ ಮಾತಾಡಿ.
• ನಿಮ್ಮ ಊರಿನ ವೈದ್ಯರನ್ನು ಕಂಡು ಬಿಪಿ, ಶುಗರ್, ರಕ್ತ ಪರೀಕ್ಷೆ ಮಾಡಿಸಿ. ನುಂಗುವ ಮಾತ್ರೆಗಳ ಪಟ್ಟಿ ಕೊಡಿ. ಮರಳಿದ ಮೇಲೆ ಗಾಯ ನೋಡಲು ಅವರು ಒಪ್ಪುತ್ತಾರೆಯೇ ಎಂದು ಈಗಲೇ ಕೇಳಿ.
• ಪ್ರವಾಸ ವಿಮೆ ಸಾಮಾನ್ಯವಾಗಿ ಇಂಥ ಚಿಕಿತ್ಸೆಯಿಂದಾದ ತೊಂದರೆಗೆ ಹಣ ಕೊಡುವುದಿಲ್ಲ. ಷರತ್ತು ಓದಿ.
• ತೊಂದರೆಯಾದರೆ ಖರ್ಚು ಯಾರದು, ಸರಿಪಡಿಸಲು ಮತ್ತೆ ಹೋಗುವ ಟಿಕೆಟ್ ಯಾರದು ಎಂಬುದನ್ನು ಬರೆಸಿಕೊಳ್ಳಿ.
• ಆಪರೇಷನ್ ವಿವರ, ಕೊಟ್ಟ ಔಷಧ, ಇಂಪ್ಲಾಂಟ್ ಇದ್ದರೆ ಅದರ ಕಾರ್ಡ್, ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಪಡೆದೇ ಹೊರಡಿ.

ಮರಳಿದ ಮೇಲೆ ಕಾಯಬಾರದ ಲಕ್ಷಣಗಳು

• ಹಠಾತ್ ಉಸಿರುಗಟ್ಟುವಿಕೆ, ಎದೆನೋವು, ಎಚ್ಚರ ತಪ್ಪುವುದು: ತಕ್ಷಣ 112ಕ್ಕೆ ಕರೆ ಮಾಡಿ.
• ಒಂದೇ ಕಾಲಿನ ಮೀನಖಂಡದಲ್ಲಿ ಊತ, ನೋವು: ಅದೇ ದಿನ ಆಸ್ಪತ್ರೆಗೆ.
• ಜ್ವರ, ಹರಡುವ ಕೆಂಪು, ಕೀವು, ವಾಸನೆ, ಕಪ್ಪಾಗುತ್ತಿರುವ ಚರ್ಮ: ಅದೇ ದಿನ ವೈದ್ಯರಲ್ಲಿಗೆ.
• ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದು, ತಲೆನೋವು ಹೆಚ್ಚುತ್ತಿದ್ದರೆ, ಕುತ್ತಿಗೆ ಬಿಗಿಯಾದರೆ, ಬೆಳಕು ನೋಡಲಾಗದಿದ್ದರೆ: ತಡಮಾಡದೆ ತುರ್ತು ಚಿಕಿತ್ಸೆಗೆ.
• ವಾಸಿಯಾದ ಗಾಯದಲ್ಲಿ ತಿಂಗಳ ನಂತರ ಗಂಟು: ನಿರ್ಲಕ್ಷಿಸಬೇಡಿ.

ಕನ್ನಡಿಯಲ್ಲಿ ತನ್ನ ಮುಖ ತನಗೆ ಒಪ್ಪಬೇಕು ಎಂಬ ಆಸೆ ಯಾರಿಗಿಲ್ಲ? ಅದಕ್ಕೆ ನಾಚಿಕೆಪಡಬೇಕಿಲ್ಲ. ಆದರೆ ಕ್ಲಿನಿಕ್‌ಗೆ ಮುಂಗಡ ಕಳಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಲಿ: ಮನೆಗೆ ಬಂದ ಇಪ್ಪತ್ತನೇ ದಿನ ರಾತ್ರಿ ನನಗೆ ಜ್ವರ ಬಂದರೆ ಯಾವ ವೈದ್ಯರಿಗೆ ಫೋನ್ ಮಾಡುತ್ತೇನೆ? ಆ ಹೆಸರು, ನಂಬರ್ ನಿಮ್ಮ ಬಳಿ ಇಲ್ಲದಿದ್ದರೆ ಇನ್ನೂ ಹೊರಡಬೇಡಿ.